ಜಾಥಾ ಮುಗಿದ ಮೇಲೆ

ಭಾರತದಲ್ಲಿ ಎಚ್‌ಐವಿ ಇದೆ ಎಂದು ಮೊದಲು ತೋರಿಸಿಕೊಟ್ಟದ್ದು ಒಬ್ಬ ವಿದ್ಯಾರ್ಥಿನಿಯ ಪ್ರಬಂಧ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕೊಂದು ವಿಷಯ ಬೇಕಿತ್ತು. ಏಡ್ಸ್ ನಮ್ಮಲ್ಲೂ ಇದೆಯೇ ಹುಡುಕಿ ನೋಡು ಎಂದು ಸೂಚಿಸಿದವರು ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್. ಅದು ದೂರದ ಅಮೆರಿಕದ ಕಾಯಿಲೆ, ನಮ್ಮ ನೆಲಕ್ಕೆ ಬರುವಂಥದ್ದಲ್ಲ ಎಂದು ದೇಶವೇ ನಂಬಿಕೊಂಡಿದ್ದ ದಿನಗಳವು. ನಿರ್ಮಲಾ ರಿಮ್ಯಾಂಡ್ ಹೋಮ್‌ಗೆ ಹೋಗಿ, ಅಲ್ಲಿ ಬಂಧನದಲ್ಲಿದ್ದ ಲೈಂಗಿಕ ಕಾರ್ಯಕರ್ತೆಯರ ರಕ್ತ ತೆಗೆದರು. ಕೈಗವಸು ಇರಲಿಲ್ಲ. ಮಾದರಿಗಳನ್ನು ಇಡಲು ತಕ್ಕ ಜಾಗವೂ ಇರಲಿಲ್ಲವಾಗಿ ಅವು ಮನೆಯ ಫ್ರಿಜ್ ಸೇರಿದವು. 1986ರ ಫೆಬ್ರುವರಿಯಲ್ಲಿ ಎಂಬತ್ತಕ್ಕೂ ಹೆಚ್ಚು ಮಾದರಿಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷಿಸಿದಾಗ ಆರು ಹಳದಿ ಬಣ್ಣಕ್ಕೆ ತಿರುಗಿ ಸೋಂಕಿನ ಸುಳಿವು ಕೊಟ್ಟವು. ಅದೇ ವರ್ಷದ ಮೇ ತಿಂಗಳಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಸುದ್ದಿ ಪ್ರಕಟವಾಯಿತು.

ಈ ಕಥೆಯಲ್ಲಿ ಹೆಮ್ಮೆ ಪಡುವಂಥದ್ದು ಬಹಳ ಇದೆ. ಮನಸ್ಸಿಗೆ ಚುಚ್ಚುವಂಥದ್ದೂ ಒಂದಿದೆ. ಯಾವ ಕಾಯಿಲೆಗಾಗಿ ರಕ್ತ ಕೊಡುತ್ತಿದ್ದೇವೆ ಎಂಬುದು ಆ ಹೆಂಗಸರಿಗೆ ಗೊತ್ತಿರಲಿಲ್ಲ. ನಿರ್ಮಲಾ ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ನಮ್ಮ ದೇಶದಲ್ಲಿ ಎಚ್‌ಐವಿಯನ್ನು ಮೊದಲು ಪತ್ತೆಹಚ್ಚಿದ ಪರೀಕ್ಷೆಗೆ ರಕ್ತ ತೆಗೆದದ್ದು ಬೀಗದೊಳಗೆ, ಒಪ್ಪಿಗೆಯಿಲ್ಲದೆ.

ನಾಲ್ಕು ದಶಕ ಕಳೆದಿದೆ. ಪರೀಕ್ಷೆ ಎಲ್ಲ ರೀತಿಯಲ್ಲೂ ಬದಲಾಗಿದೆ. ಅದರ ಸುತ್ತ ಅಂದು ಹುಟ್ಟಿದ ಭಯ ಮಾತ್ರ ಇಂದಿನ ಪದವಿ ಕಾಲೇಜಿನ ಕಾರಿಡಾರಿನಲ್ಲಿ ಹಾಗೆಯೇ ಓಡಾಡಿಕೊಂಡಿದೆ.

ಪ್ರತಿ ವರ್ಷ ಡಿಸೆಂಬರ್ 1ರಂದು ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದಲ್ಲಿ ನಿಂತು ನೋಡಿದರೂ ಜಾಥಾ ಕಾಣುತ್ತದೆ. ಎನ್‌ಎಸ್‌ಎಸ್ ಟೋಪಿ, ಅಂಗಿಗೆ ಚುಚ್ಚಿದ ಕೆಂಪು ರಿಬ್ಬನ್, ಮುಂದೆ ಬ್ಯಾನರ್, ಹಿಂದೆ ಘೋಷಣೆ. ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ಬಿನಿಂದ ರಸಪ್ರಶ್ನೆ, ಭಿತ್ತಿಪತ್ರ ಸ್ಪರ್ಧೆ, ಬೀದಿನಾಟಕ. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಇದಕ್ಕೆಲ್ಲ ಬೆನ್ನೆಲುಬಾಗಿ ನಿಂತಿದೆ. ಈ ಕೆಲಸವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಎಚ್‌ಐವಿ ಎಂಬ ಮೂರಕ್ಷರವನ್ನು ಅಪ್ಪ ಅಮ್ಮನ ಮುಂದೆ ಉಚ್ಚರಿಸಲಾಗದ ಮಕ್ಕಳು ಅಂದು ನಡುಬೀದಿಯಲ್ಲಿ ಅದನ್ನು ಕೂಗಿ ಹೇಳುತ್ತಾರೆ. ಆದರೆ ಜಾಥಾ ತಾಲ್ಲೂಕು ಆಸ್ಪತ್ರೆಯ ಗೇಟಿನವರೆಗೆ ಹೋಗಿ ಅಲ್ಲಿಂದಲೇ ಹಿಂತಿರುಗುತ್ತದೆ. ಒಳಗೆ, ಲ್ಯಾಬಿನ ಪಕ್ಕದಲ್ಲಿ, ಉಚಿತವಾಗಿ ಪರೀಕ್ಷೆ ಮಾಡುವ ಐಸಿಟಿಸಿ, ಅಂದರೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಇದೆ ಎಂಬುದು ಗುಂಪಿನಲ್ಲಿದ್ದ ಎಷ್ಟು ಮಂದಿಗೆ ಗೊತ್ತು?

ಗೊತ್ತಿರುವುದು ಎಷ್ಟು ಎಂಬುದಕ್ಕೆ ಒಂದು ಅಳತೆ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜನರಿಗೆ ಕೆಲವು ಸರಳ ಸಂಗತಿ ಕೇಳುತ್ತದೆ. ಕಾಂಡೋಮ್ ಬಳಸಿದರೆ ಅಪಾಯ ಕಡಿಮೆಯೇ? ಸೋಂಕಿಲ್ಲದ, ಪರಸ್ಪರ ನಿಷ್ಠೆಯ ಒಬ್ಬರೇ ಸಂಗಾತಿಯಿದ್ದರೆ? ನೋಡಲು ಆರೋಗ್ಯವಾಗಿ ಕಾಣುವವರಲ್ಲೂ ಸೋಂಕಿರಬಹುದೇ? ಸೊಳ್ಳೆ ಕಚ್ಚಿದರೆ ಬರುತ್ತದೆಯೇ? ಜೊತೆಗೆ ಕೂತು ಉಂಡರೆ ಬರುತ್ತದೆಯೇ? ಎಲ್ಲಕ್ಕೂ ಸರಿಯುತ್ತರ ಕೊಟ್ಟವರಿಗೆ ಸಮಗ್ರ ತಿಳಿವಳಿಕೆ ಇದೆ ಎಂದು ಲೆಕ್ಕ. 2019–21ರ ಐದನೇ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನವರ ಪೈಕಿ ಈ ಸಾಲಿಗೆ ಸೇರಿದವರು ಪುರುಷರಲ್ಲಿ ಸುಮಾರು ಶೇ 31, ಮಹಿಳೆಯರಲ್ಲಿ ಸುಮಾರು ಶೇ 22. ಹೆಸರು ಕೇಳಿದವರು ಎಲ್ಲೆಲ್ಲೂ ಇದ್ದಾರೆ, ತಿಳಿದವರು ಕಡಿಮೆ.

ಕಾಲೇಜುಗಳಲ್ಲಿ ಆರೋಗ್ಯ ಇಲಾಖೆಯವರು ಮಾತಾಡಲು ಬಂದಾಗ ಕೆಲವೊಮ್ಮೆ ಪ್ರಶ್ನೆ ಪೆಟ್ಟಿಗೆ ಇಡುತ್ತಾರೆ. ಹೆಸರು ಬರೆಯದೆ ಚೀಟಿ ಹಾಕಬಹುದು. ಕೈ ಎತ್ತಿ ಕೇಳಿ ಎಂದಾಗ ಇಡೀ ಸಭಾಂಗಣ ಮೌನ. ಪೆಟ್ಟಿಗೆ ಇಟ್ಟ ಕೂಡಲೇ ಚೀಟಿ ತುಂಬುತ್ತವೆ. ಕ್ಷೌರದಂಗಡಿಯ ಬ್ಲೇಡಿನಿಂದ ಬರುತ್ತದೆಯೇ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡರೆ ಹೇಗೆ, ಮುತ್ತು ಕೊಟ್ಟರೆ ಏನಾಗುತ್ತದೆ, ಸಿನಿಮಾ ಸೀಟಿನಲ್ಲಿ ಸೂಜಿ ಇಟ್ಟಿರುತ್ತಾರಂತೆ ನಿಜವೇ, ಹಸ್ತಮೈಥುನದಿಂದ ಬರುತ್ತದೆಯೇ ಎಂಬ ಬಗೆಯವು. ಈ ಚೀಟಿಗಳನ್ನು ಓದಿ ನಗಬಾರದು. ಹದಿನೆಂಟು ದಾಟಿದವರು ಇವನ್ನು ಕೇಳುತ್ತಿದ್ದಾರೆಂದರೆ ಹದಿನಾಲ್ಕರಲ್ಲಿ ಅವರಿಗೆ ಯಾರೂ ಏನೂ ಹೇಳಿಲ್ಲ ಎಂದರ್ಥ. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತರಲು ಹೊರಟಾಗ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಬೇಡವೆಂದು ತಳ್ಳಿದವು. ಅಂದು ಆ ಕಾರ್ಯಕ್ರಮದ ಪುಸ್ತಕ ಮುಚ್ಚಿಟ್ಟವರು ಮಕ್ಕಳನ್ನು ಯಾವುದರಿಂದ ಕಾಪಾಡಿದರು ಎಂಬುದು ಇಂದಿಗೂ ತಿಳಿಯದು. ಪಾಠ ನಿಂತಿತು, ಪ್ರಶ್ನೆ ನಿಲ್ಲಲಿಲ್ಲ. ಉತ್ತರ ಹುಡುಕಿಕೊಂಡು ಅವು ಮೊಬೈಲಿಗೆ ಹೋದವು.

ಮೊಬೈಲು ಏನು ಕೊಡುತ್ತದೆ ಎಂಬುದಕ್ಕೆ 2024ರ ಜುಲೈ ಸಾಕ್ಷಿ. ತ್ರಿಪುರಾದಲ್ಲಿ 828 ವಿದ್ಯಾರ್ಥಿಗಳಿಗೆ ಎಚ್‌ಐವಿ, 47 ಮಂದಿ ಸಾವು ಎಂಬ ಸುದ್ದಿ ದೇಶದ ಎಲ್ಲ ಭಾಷೆಗಳಲ್ಲೂ ಹರಿದಾಡಿತು. ಒಂದೇ ಸಲಕ್ಕೆ ಇಷ್ಟು ಮಂದಿಗೆ ಸೋಂಕು ತಗುಲಿತೆಂಬಂತೆ ಜನ ಓದಿಕೊಂಡರು. ಕೆಲವೇ ದಿನಗಳಲ್ಲಿ ಆ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಅದು 2007ರ ಏಪ್ರಿಲ್‌ನಿಂದ 2024ರ ಮೇವರೆಗಿನ ಒಟ್ಟು ಲೆಕ್ಕ, ಅಂದರೆ ಹದಿನೇಳು ವರ್ಷಗಳದ್ದು.  ಭಯ ಹುಟ್ಟಿಸಿದ ಸುದ್ದಿ ಲಕ್ಷಾಂತರ ಮಂದಿಗೆ ಮುಟ್ಟಿತು, ತಿದ್ದುಪಡಿ ಅಷ್ಟು ದೂರ ಹೋಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯಂತೂ ಹಿಂದೆಯೇ ಉಳಿಯಿತು. ಅಲ್ಲಿ ಸೋಂಕು ಹೆಚ್ಚಾಗಿ ಹರಡಿದ್ದು ಮಾದಕವಸ್ತು ಚುಚ್ಚಿಕೊಳ್ಳುವಾಗ ಒಂದೇ ಸಿರಿಂಜನ್ನು ಹಲವರು ಹಂಚಿಕೊಂಡದ್ದರಿಂದ. ಹಾಸ್ಟೆಲು, ಪಿಜಿಗಳಲ್ಲಿ ಮಕ್ಕಳನ್ನು ಬಿಟ್ಟಿರುವ ನಮ್ಮ ಪೋಷಕರಿಗೆ ಗೊತ್ತಾಗಬೇಕಾಗಿದ್ದು ಅದು. ನಮ್ಮ ಅರಿವು ಕಾರ್ಯಕ್ರಮಗಳಲ್ಲಿ ಸಿರಿಂಜಿನ ಮಾತು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಇನ್ನು ಪರೀಕ್ಷೆ. ಕಾಲೇಜು ಹುಡುಗರಲ್ಲಿ ಬಹಳಷ್ಟು ಮಂದಿ ತಮಗೆ ತಿಳಿಯದೆಯೇ ಎಚ್‌ಐವಿ ಪರೀಕ್ಷೆಗೆ ಒಳಗಾಗಿರುತ್ತಾರೆ. ಅದು ನಡೆಯುವುದು ರಕ್ತದಾನ ಶಿಬಿರದಲ್ಲಿ. ಕಾಲೇಜು ವಾರ್ಷಿಕೋತ್ಸವಕ್ಕೋ ಸಂಸ್ಥಾಪಕರ ದಿನಕ್ಕೋ ಶಿಬಿರ ಇಟ್ಟಾಗ ಹದಿನೆಂಟು ತುಂಬಿದವರು ಸಾಲಾಗಿ ನಿಂತು ರಕ್ತ ಕೊಡುತ್ತಾರೆ. ಬಿಸ್ಕತ್ತು, ಜ್ಯೂಸು, ಪ್ರಮಾಣಪತ್ರ, ಒಂದು ಫೋಟೊ. ಆ ಚೀಲ ರಕ್ತನಿಧಿಗೆ ಹೋದ ಮೇಲೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಕಡ್ಡಾಯ. ದಾನಿ ತುಂಬುವ ಅರ್ಜಿಯಲ್ಲಿ, ಏನಾದರೂ ದೋಷ ಕಂಡರೆ ನಿಮಗೆ ತಿಳಿಸಬಹುದೇ ಎಂಬ ಪ್ರಶ್ನೆಯೂ ಇರುತ್ತದೆ. ಅವಸರದಲ್ಲಿ ಟಿಕ್ ಹಾಕಿ ಸಹಿ ಮಾಡುವಾಗ ಅದನ್ನು ಓದುವವರು ವಿರಳ.

ಗೋವಾದ ಡೊಮಿನಿಕ್ ಡಿಸೋಜಾ ಅವರ ಬದುಕು ತಿರುಗಿದ್ದು ಹೀಗೆಯೇ. ಆಗಾಗ ರಕ್ತದಾನ ಮಾಡುತ್ತಿದ್ದ ಯುವಕ. 1989ರಲ್ಲಿ ಅವರು ದಾನ ಮಾಡಿದ ರಕ್ತದಲ್ಲಿ ಎಚ್‌ಐವಿ ಕಂಡಿತು. ಹುಡುಕಿಕೊಂಡು ಬಂದದ್ದು ವೈದ್ಯರಲ್ಲ, ಪೊಲೀಸರು. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಅವರನ್ನು ಕ್ಷಯರೋಗಿಗಳಿಗಾಗಿ ಕಟ್ಟಿದ್ದ ಕಟ್ಟಡದಲ್ಲಿ 64 ದಿನ ಕೂಡಿಹಾಕಿದರು. ತಾಯಿ ಲೂಸಿ ಡಿಸೋಜಾ ಹೈಕೋರ್ಟಿಗೆ ಹೋದರು, ವಕೀಲ ಆನಂದ್ ಗ್ರೋವರ್ ವಾದಿಸಿದರು, ಊರಿನ ಗೆಳೆಯರು ಬೀದಿಗಿಳಿದರು. ಹೊರಬಂದ ಡೊಮಿನಿಕ್ ಸೋಂಕಿತರಿಗಾಗಿ ಸಂಘಟನೆ ಕಟ್ಟಿ, 1992ರಲ್ಲಿ ತೀರಿಕೊಂಡರು. ಅವರ ಬದುಕಿನ ಎಳೆ ಹಿಡಿದೇ 2005ರಲ್ಲಿ ‘ಮೈ ಬ್ರದರ್ ನಿಖಿಲ್’ ಸಿನಿಮಾ ಬಂತು. ಕಾರವಾರದ ಪಕ್ಕದ ರಾಜ್ಯದಲ್ಲಿ ನಡೆದ ಘಟನೆ ಇದು. ಪಾಸಿಟಿವ್ ಎಂದರೆ ಬಂಧನ, ಊರಿಗೆಲ್ಲ ಸುದ್ದಿ, ಸಾವು ಎಂಬ ಸಮೀಕರಣ ಜನರ ತಲೆಯಲ್ಲಿ ಕೂತದ್ದು ಸುಮ್ಮನೆ ಅಲ್ಲ.

ರಕ್ತದಾನದ ಬಗ್ಗೆ ಇನ್ನೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಐಸಿಟಿಸಿಗೆ ಹೋಗಲು ಮುಜುಗರಪಟ್ಟು, ಹೇಗೂ ಅಲ್ಲಿ ಪರೀಕ್ಷೆ ಮಾಡುತ್ತಾರಲ್ಲ ಎಂದು ಶಿಬಿರಕ್ಕೆ ಬಂದು ಮಲಗುವುದು ತೀರಾ ಅಪಾಯದ ಕೆಲಸ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಇದನ್ನೇ ಆರೋಗ್ಯ ಇಲಾಖೆಯವರು ಗವಾಕ್ಷಿ ಅವಧಿ ಎನ್ನುತ್ತಾರೆ. ಆ ಅವಧಿಯಲ್ಲಿ ಕೊಟ್ಟ ರಕ್ತ ಹೆರಿಗೆ ಕೋಣೆಯಲ್ಲೋ ಅಪಘಾತ ವಾರ್ಡಿನಲ್ಲೋ ಮಲಗಿರುವ ಇನ್ನೊಬ್ಬರ ಮೈಗೆ ಹೋಗುತ್ತದೆ. ಅನುಮಾನ ಇರುವವರು ದಾನ ಮಾಡದಿರುವುದೇ ದಾನ.

ಹಾಗಿದ್ದರೆ ಐಸಿಟಿಸಿಯಲ್ಲಿ ನಡೆಯುವುದೇನು? ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಸಾಮಾನ್ಯವಾಗಿ ಒಂದು ಚಿಕ್ಕ ಕೋಣೆ. ಮೇಜು, ಎರಡು ಮೂರು ಕುರ್ಚಿ, ಗೋಡೆಯಲ್ಲಿ ಚಿತ್ರಪಟ, ಮೇಜಿನ ಒಂದು ಬದಿಗೆ ಕಾಂಡೋಮ್ ಬಳಕೆ ತೋರಿಸುವ ಮಾದರಿ, ದಪ್ಪ ರಿಜಿಸ್ಟರು. ಎದುರಿಗೆ ಆಪ್ತಸಮಾಲೋಚಕರು. ಬಂದವರನ್ನು ಕೂರಿಸಿ, ಬಾಗಿಲು ಮುಚ್ಚಿ ಮಾತಾಡುತ್ತಾರೆ. ಏಕೆ ಬಂದಿರಿ, ಯಾವಾಗಿನ ಘಟನೆ, ಪಾಸಿಟಿವ್ ಬಂದರೆ ಯಾರಿಗೆ ಹೇಳುತ್ತೀರಿ, ಮನೆಯಲ್ಲಿ ಯಾರ ಆಸರೆ ಇದೆ ಎಂದೆಲ್ಲ ವಿಚಾರಿಸುತ್ತಾರೆ. ಪೂರ್ತಿ ತಿಳಿಸಿ ಹೇಳಿದ ಮೇಲೆಯೇ ಒಪ್ಪಿಗೆ. ಹದಿನೆಂಟು ತುಂಬಿದ ವಿದ್ಯಾರ್ಥಿಗೆ ಅಪ್ಪ ಅಮ್ಮನ ಸಹಿ ಬೇಕಿಲ್ಲ, ಕಾಲೇಜಿನ ಪತ್ರವೂ ಬೇಕಿಲ್ಲ. ಆಮೇಲೆ ಪಕ್ಕದ ಲ್ಯಾಬಿನಲ್ಲಿ ತೋಳಿನ ರಕ್ತನಾಳದಿಂದ ಸ್ವಲ್ಪ ರಕ್ತ. ಸೀಸೆಯ ಮೇಲೆ ಬರುವುದು ಹೆಸರಲ್ಲ, ಗುರುತು ಸಂಖ್ಯೆ.

ಮೊದಲ ಕಿಟ್‌ನಲ್ಲಿ ನೆಗೆಟಿವ್ ಬಂದರೆ ಅಲ್ಲಿಗೆ ಮುಗಿಯಿತು. ರಿಯಾಕ್ಟಿವ್ ಬಂದರೆ ಬೇರೆ ಬೇರೆ ತತ್ವದ ಇನ್ನೆರಡು ಕಿಟ್‌ಗಳಲ್ಲಿ ನೋಡುತ್ತಾರೆ, ಮೂರರಲ್ಲೂ ಕಂಡರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ಶಿಬಿರಗಳಲ್ಲಿ ಬೆರಳ ತುದಿಗೆ ಚುಚ್ಚಿ ಮಾಡುವುದು ಪ್ರಾಥಮಿಕ ತಪಾಸಣೆಯಷ್ಟೇ, ಅದರ ಮೇಲೆ ಯಾರನ್ನೂ ಸೋಂಕಿತರೆಂದು ಕರೆಯುವಂತಿಲ್ಲ. ಫಲಿತಾಂಶ ಸಾಮಾನ್ಯವಾಗಿ ಅದೇ ದಿನ ಸಿಗುತ್ತದೆ. ಹೇಳುವವರು ಆಪ್ತಸಮಾಲೋಚಕರೇ, ಕೇಳಬೇಕಾದವರು ಪರೀಕ್ಷೆ ಮಾಡಿಸಿಕೊಂಡವರೇ. ನೆಗೆಟಿವ್ ಬಂದವರನ್ನೂ ಕೂರಿಸಿ ಮಾತಾಡುತ್ತಾರೆ, ಅಪಾಯದ ಸಂದರ್ಭ ಇತ್ತೀಚಿನದಾಗಿದ್ದರೆ ಮೂರು ತಿಂಗಳು ಕಳೆದು ಮತ್ತೆ ಬನ್ನಿ ಎನ್ನುತ್ತಾರೆ. ಈ ಕೊನೆಯ ಮಾತನ್ನು ಖುಷಿಯಲ್ಲಿ ಮರೆಯುವವರೇ ಹೆಚ್ಚು.

ಇಷ್ಟು ಸರಳವಾದದ್ದು ವಿದ್ಯಾರ್ಥಿಗೆ ಕಷ್ಟವಾಗುವುದು ಸೂಜಿಯ ದೆಸೆಯಿಂದಲ್ಲ. ಆ ಬಾಗಿಲಿನ ಮುಂದೆ ನಿಂತದ್ದನ್ನು ಯಾರಾದರೂ ಕಂಡಾರು ಎಂಬುದೇ ಅಳುಕು. ಸಣ್ಣ ಊರಿನಲ್ಲಿ ಆಸ್ಪತ್ರೆಯ ಚೀಟಿ ಬರೆಯುವವರು ದೊಡ್ಡಪ್ಪನ ಪರಿಚಯದವರು, ಲ್ಯಾಬಿನವರು ಪಕ್ಕದ ಬೀದಿಯವರು. ಹುಡುಗಿಯಾದರಂತೂ ಕಣ್ಣುಗಳು ಇನ್ನಷ್ಟು. ‘ನಿನಗ್ಯಾಕೆ ಬೇಕಿತ್ತು ಈ ಪರೀಕ್ಷೆ?’ ಎಂಬ ಒಂದೇ ಪ್ರಶ್ನೆಯಲ್ಲಿ ತೀರ್ಪೂ ಇರುತ್ತದೆ. ರಕ್ತದೊತ್ತಡ ನೋಡಿಸಿಕೊಂಡವರಿಗೆ ಯಾರೂ ಹೀಗೆ ಕೇಳುವುದಿಲ್ಲ.

ಬೇಕಿತ್ತು ಎನ್ನಲು ಕಾರಣಗಳಿವೆ. 2023ರ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ಮಹಾರಾಷ್ಟ್ರ, ಆಂಧ್ರಪ್ರದೇಶದ ನಂತರ ಹೆಚ್ಚು ಮಂದಿ ಇರುವುದು ಕರ್ನಾಟಕದಲ್ಲಿ. 2010ಕ್ಕೆ ಹೋಲಿಸಿದರೆ ಹೊಸ ಸೋಂಕು ಶೇ 44ರಷ್ಟು ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. ಆದರೂ 2023ರ ಒಂದೇ ವರ್ಷದಲ್ಲಿ 68 ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಸೋಂಕು ತಗುಲಿದೆ. ಸೋಂಕಿತರಲ್ಲಿ ಶೇ 95 ಮಂದಿಗೆ ತಮ್ಮ ಸ್ಥಿತಿ ಗೊತ್ತಿರಬೇಕು, ಅವರಲ್ಲಿ ಶೇ 95 ಮಂದಿ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ಶೇ 95 ಮಂದಿಯಲ್ಲಿ ವೈರಾಣು ಹತೋಟಿಯಲ್ಲಿರಬೇಕು ಎಂಬುದು ಜಗತ್ತಿನ ಗುರಿ. ಆ ಹೊತ್ತಿಗೆ ಭಾರತ ಮುಟ್ಟಿದ್ದು 81, 88, 97. ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಬಹುತೇಕ ಎಲ್ಲರೂ ಚೆನ್ನಾಗಿದ್ದಾರೆ. ಹೆಚ್ಚು ಸೋತಿರುವುದು ಮೊದಲ ಮೆಟ್ಟಿಲಿನಲ್ಲಿ, ಪರೀಕ್ಷೆಯಲ್ಲಿ. ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ತಮ್ಮ ಮೈಯೊಳಗಿನ ಸಂಗತಿ ಗೊತ್ತಿಲ್ಲ.

ಗೊತ್ತಾದವರ ಗತಿ ಏನು? ಇದನ್ನು ಕಾಲೇಜು ಭಾಷಣಗಳಲ್ಲಿ ಯಾರೂ ಸಾವಧಾನವಾಗಿ ಹೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಮೊದಲೆಲ್ಲ ರೋಗನಿರೋಧಕ ಕಣಗಳು ಇಷ್ಟಕ್ಕಿಂತ ಕೆಳಗಿಳಿದ ಮೇಲೆಯೇ ಮಾತ್ರೆ ಕೊಡುತ್ತಿದ್ದರು. 2017ರಿಂದ ಪಾಸಿಟಿವ್ ಎಂದು ಖಚಿತವಾದ ಎಲ್ಲರಿಗೂ ಕಾಯಿಸದೆ ಚಿಕಿತ್ಸೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದು ಮಾತ್ರೆ, ದಿನಕ್ಕೊಂದು ಸಲ. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲಿಯೇ ನಿಂತರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಬೇಗ ಚಿಕಿತ್ಸೆ ಕೊಟ್ಟರೆ ಹರಡುವಿಕೆ ಎಷ್ಟು ತಗ್ಗುತ್ತದೆ ಎಂದು 2011ರಲ್ಲಿ ತೋರಿಸಿಕೊಟ್ಟ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಚೆನ್ನೈ ಮತ್ತು ಪುಣೆಯ ದಂಪತಿಗಳೂ ಇದ್ದರು. ಓದು, ಕೆಲಸ, ಮದುವೆ, ಸೋಂಕಿಲ್ಲದ ಮಗು ಎಲ್ಲವೂ ಸಾಧ್ಯ. ತಲೆಬುರುಡೆ ಬರೆದ ಹಳೆಯ ಭಿತ್ತಿಪತ್ರ ನೋಡಿ ಬೆಳೆದ ಮೇಷ್ಟ್ರುಗಳೇ ಇದನ್ನು ನಂಬದಿದ್ದರೆ ಮಕ್ಕಳು ನಂಬುವುದು ಹೇಗೆ?

ಇದಕ್ಕೆ ಜೀವಂತ ಸಾಕ್ಷಿಗಳು ಅದೇ ತರಗತಿಯಲ್ಲಿ ಕುಳಿತಿರಲೂ ಸಾಕು. ತಾಯಿಯಿಂದ ಸೋಂಕು ಪಡೆದು ಹುಟ್ಟಿದ ಮಕ್ಕಳಿಗೆ 2006ರ ಕೊನೆಯಿಂದ ದೇಶದಲ್ಲಿ ವಿಶೇಷ ಚಿಕಿತ್ಸಾ ಕಾರ್ಯಕ್ರಮ ನಡೆದಿದೆ. ಅಂದಿನ ಕೂಸುಗಳು ಇಂದು ಪದವಿ, ಡಿಪ್ಲೊಮಾ, ನರ್ಸಿಂಗ್ ಓದುವ ವಯಸ್ಸಿನವರು. ಹಾಸ್ಟೆಲ್ ಸೇರುವ ಮುನ್ನ ಮಾತ್ರೆಯ ಡಬ್ಬಿಯ ಲೇಬಲ್ ಕಿತ್ತು, ವಿಟಮಿನ್ ಡಬ್ಬಿಗೆ ಸುರಿದುಕೊಳ್ಳುವುದು ಅವರು ಕಲಿತ ಮೊದಲ ಪಾಠ. ತಿಂಗಳ ಮಾತ್ರೆಗೆ ಎಆರ್‌ಟಿ ಕೇಂದ್ರಕ್ಕೆ ಹೋಗಬೇಕಾದ ದಿನ ಹಾಜರಾತಿಗೆ ಏನು ಕಾರಣ ಹೇಳುವುದು ಎಂದು ಯೋಚಿಸುತ್ತಾರೆ. ಜಾಥಾದಲ್ಲಿ ಗೆಳೆಯರ ಜೊತೆ ಘೋಷಣೆ ಕೂಗುವ ಇಂಥ ಒಬ್ಬ ಹುಡುಗನ ಮುಂದೆ, ‘ಏಡ್ಸ್ ಬಂದವರ ಜೊತೆ ಹುಷಾರು’ ಎಂಬ ಧಾಟಿಯ ಬೀದಿನಾಟಕ ಆಡಿದರೆ ಅವನಿಗೆ ಏನನ್ನಿಸಬೇಕು? ಸ್ಕ್ರಿಪ್ಟ್ ಬರೆಯುವ ವಿದ್ಯಾರ್ಥಿಗಳು ಇದನ್ನೊಮ್ಮೆ ಯೋಚಿಸಬೇಕು.

ಕಾನೂನು ಅವನ ಬೆನ್ನಿಗಿದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ರಕ್ತನಿಧಿಯ ತಪಾಸಣೆಯಂಥ ಕೆಲವು ಸಂದರ್ಭ ಬಿಟ್ಟರೆ, ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಪ್ರವೇಶ ಕೊಡಲು ಎಚ್‌ಐವಿ ವರದಿ ತಾ ಎಂದು ಕಾಲೇಜು ಕೇಳುವಂತಿಲ್ಲ. ಸೋಂಕಿನ ಕಾರಣಕ್ಕೆ ಹಾಸ್ಟೆಲಿನಿಂದ, ತರಗತಿಯಿಂದ ಹೊರಗಿಡುವಂತಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ದೂರು ಕೇಳಲೆಂದೇ ಒಬ್ಬ ಅಧಿಕಾರಿ ಇರಬೇಕು. ರ‍್ಯಾಗಿಂಗ್ ವಿರೋಧಿ ಸಮಿತಿಯ ಫಲಕ ಎಲ್ಲ ಕಾಲೇಜಿನಲ್ಲೂ ಇದೆ. ಈ ಅಧಿಕಾರಿಯ ಹೆಸರನ್ನೂ ಅದರ ಪಕ್ಕದಲ್ಲೇ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ವೈದ್ಯಕೀಯ ಓದುವವರಿಗೆ ಇನ್ನೊಂದು ವಿಷಯ ಬಾಯಿಪಾಠ ಇರಬೇಕು. ವಾರ್ಡಿನಲ್ಲಿ ಬಳಸಿದ ಸೂಜಿ ಕೈಗೆ ಚುಚ್ಚಿದರೆ ಗಾಬರಿಯಿಂದ ಬೆರಳು ಹಿಂಡಬಾರದು. ಸೋಪು ನೀರಿನಲ್ಲಿ ತೊಳೆದು, ನೇರವಾಗಿ ಹಿರಿಯ ಸಿಬ್ಬಂದಿಗೆ ಹೇಳಬೇಕು. ಸೋಂಕಿತರ ರಕ್ತವಿದ್ದ ಸೂಜಿಯಾದರೂ ಸೋಂಕು ತಗುಲುವ ಸಾಧ್ಯತೆ ಸುಮಾರು ಶೇ 0.3. ತಡೆ ಔಷಧಿಯನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, 72 ಗಂಟೆ ಮೀರದಂತೆ ಶುರುಮಾಡಿ 28 ದಿನ ತೆಗೆದುಕೊಂಡರೆ ಅದೂ ಬಹಳ ಮಟ್ಟಿಗೆ ಇಳಿಯುತ್ತದೆ. ಬೈಗುಳಕ್ಕೆ ಹೆದರಿ ಮೊದಲ ವರ್ಷದ ವಿದ್ಯಾರ್ಥಿನಿ ಸುಮ್ಮನಿದ್ದುಬಿಟ್ಟರೆ ಆ ಮೂರು ದಿನ ಮತ್ತೆ ಸಿಗುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಇದೇ ಔಷಧಿ, ಇದೇ ಗಡುವು. ಹಾಸ್ಟೆಲ್ ವಾರ್ಡನ್‌ಗಳಿಗೆ ಇದು ತಿಳಿದಿರಲೇಬೇಕು.

ಪರೀಕ್ಷೆಯ ಮುಜುಗರದ ಮಾತಿಗೆ ಮರಳಿದರೆ, ನಮ್ಮಲ್ಲಿ ಗರ್ಭಿಣಿಯರೆಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಬಸುರಿ ತಪಾಸಣೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ ಹಳ್ಳಿಯ ಹೆಣ್ಣುಮಗಳು ಹಿಮೋಗ್ಲೋಬಿನ್ ಜೊತೆಗೇ ಅದನ್ನೂ ಮಾಡಿಸಿಕೊಂಡು, ಬಸ್ಸು ಹಿಡಿದು ಮನೆಗೆ ಬರುತ್ತಾಳೆ. ಯಾರೂ ಅವಳನ್ನು ಯಾಕೆ ಎಂದು ಕೇಳುವುದಿಲ್ಲ, ಏಕೆಂದರೆ ಎಲ್ಲರೂ ಮಾಡಿಸುತ್ತಾರೆ. ಅವಳ ಗಂಡ ಮಾತ್ರ ಬಹುಪಾಲು ತನ್ನ ಜೀವಮಾನದಲ್ಲಿ ಒಮ್ಮೆಯೂ ಮಾಡಿಸಿರುವುದಿಲ್ಲ. ಕಾಲೇಜು ಇದನ್ನು ಸರಿಪಡಿಸಬಲ್ಲ ಜಾಗ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಕಣ್ಣು ನೋಡುವ ಆರೋಗ್ಯ ಶಿಬಿರದಲ್ಲಿ, ಇಷ್ಟವಿದ್ದವರಿಗೆ, ಪ್ರತ್ಯೇಕ ಕೋಣೆಯಲ್ಲಿ, ಆಪ್ತಸಮಾಲೋಚಕರನ್ನು ಕೂರಿಸಿ ಎಚ್‌ಐವಿ ಪರೀಕ್ಷೆಗೂ ಅವಕಾಶ ಕೊಡಬಹುದು. ಪಟ್ಟಿಯನ್ನು ಪ್ರಾಂಶುಪಾಲರು ನೋಡಬಾರದು, ಎಷ್ಟು ಮಂದಿ ಮಾಡಿಸಿದರು ಎಂದು ವೇದಿಕೆಯಲ್ಲಿ ಹೇಳಬಾರದು, ಮಾಡಿಸದವರನ್ನು ಯಾಕೆಂದು ಕೇಳಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಮುಂದಿನ ವರ್ಷ ಆ ಕೋಣೆಗೆ ಯಾರೂ ಬರುವುದಿಲ್ಲ.

ಸಮಯದ ತೊಡಕೂ ಇದೆ. ಐಸಿಟಿಸಿ ತೆರೆದಿರುವುದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಹೊತ್ತಿನಲ್ಲಿ, ಕಾಲೇಜು ನಡೆಯುವುದೂ ಆಗಲೇ. ಶೇ 75 ಹಾಜರಾತಿಯ ಲೆಕ್ಕದಲ್ಲಿ ಓಡಾಡುವ ಹುಡುಗ ಅರ್ಧ ದಿನ ಬಿಡುವು ಕೇಳಲು ಹೋಗಿ ಕಾರಣ ಹೇಳಲಾಗದೆ ವಾಪಸಾಗುತ್ತಾನೆ. ಜಾಥಾದ ದಿನ ಎಲ್ಲರಿಗೂ ಹಾಜರಾತಿ ಕೊಡುವ ಕಾಲೇಜುಗಳು, ವರ್ಷದಲ್ಲಿ ಒಂದೆರಡು ಬಾರಿ ಆಸ್ಪತ್ರೆಗೆ ಹೋಗಿಬರಲು ಕಾರಣ ಕೇಳದೆ ಬಿಡುವು ಕೊಡಲಿ. ಅಲ್ಲಿಯವರೆಗೆ, ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬಾರದೆ ಹೊರಳುವವರಿಗೆ 1097 ಇದೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ. ಹತ್ತಿರದ ಐಸಿಟಿಸಿ ಎಲ್ಲಿದೆ ಎಂದು ಕೇಳಿದರೆ ಸಾಕು, ಹೇಳುತ್ತಾರೆ.